ಓರಗಿತ್ತಿಯ ಒದೆತ

ಮುಯ್ ಥಾಯ್ ಕಲಿಯಬೇಕೆಂಬ ಆಸೆ ನನ್ನದು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ನಮ್ಮ ಮನೆಯಲ್ಲಿ ಅದು ಈಗ ಯಾರಿಗೂ ನೆನಪಿಲ್ಲ.

ಕಾರ್ಕಳ ಪೇಟೆಯಲ್ಲಿ ಪೇಂಟ್ ಅಂಗಡಿಯ ಮೇಲಿನ ಮಹಡಿಯಲ್ಲಿ ಅದನ್ನು ಕಲಿಸುವ ಜಿಮ್ ಶುರುವಾದಾಗ ನನಗೆ ನಲವತ್ತು ಸಮೀಪಿಸಿತ್ತು. ಇಡೀ ದಿನ ಕಾಲೇಜಿನಲ್ಲಿ ರಸಾಯನಶಾಸ್ತ್ರ ಪಾಠ ಮಾಡಿ ಮನೆಗೆ ಹೊರಟರೆ ಮೇಲಿನಿಂದ ಅಭ್ಯಾಸದ ಚೀಲಕ್ಕೆ ಒದೆಯುವ ಸದ್ದು ಕೇಳುತ್ತಿತ್ತು. ಕೈ, ಮೊಣಕೈ, ಮಂಡಿ, ಕಾಲು ಎಲ್ಲವನ್ನೂ ಬಳಸಿ ಹೊಡೆದಾಡುವ ಥಾಯ್ಲೆಂಡಿನ ಆ ಕಲೆಯ ವಿಡಿಯೊಗಳನ್ನು ಸ್ಟಾಫ್ ರೂಮಿನಲ್ಲಿ ಕದ್ದು ನೋಡುತ್ತಿದ್ದೆ. ಸೇರುತ್ತೇನೆ ಎಂದಾಗ ಅತ್ತೆ ಬೇಡ ಎನ್ನಲಿಲ್ಲ. ಗಂಡಸರ ನಡುವೆ ಒಬ್ಬಳೇ ಹೋಗಬೇಡ, ಸಣ್ಣವಳನ್ನೂ ಕರೆದುಕೊಂಡು ಹೋಗು ಎಂದರು.

ಸಣ್ಣವಳೆಂದರೆ ನನ್ನ ಓರಗಿತ್ತಿ, ಮೈದುನನ ಹೆಂಡತಿ. ಹೆಬ್ರಿಯವಳು. ಕುಕ್ಕುಂದೂರಿನ ನಮ್ಮ ಮನೆಗೆ ಬಂದು ಹೆಚ್ಚು ಕಾಲವಾಗಿರಲಿಲ್ಲ, ಗಂಡ ದುಬೈಯಲ್ಲಿದ್ದ. ಅವಳಿಗೆ ಇದರಲ್ಲಿ ಏನೂ ಆಸಕ್ತಿಯಿರಲಿಲ್ಲ. ನನ್ನ ಒತ್ತಾಯಕ್ಕೆ ಸ್ಕೂಟರಿನ ಹಿಂದೆ ಕೂತಳು.

ಮೊದಲ ದಿನ ಕೋಚ್ ಕೈಗೆ ಪಟ್ಟಿ ಸುತ್ತುವುದನ್ನು, ನಿಲ್ಲುವುದನ್ನು ತೋರಿಸಿ, ಕೊನೆಗೆ ತೂಗುಹಾಕಿದ ಚೀಲಕ್ಕೆ ಒಮ್ಮೆ ಒದೆಯಿರಿ ಎಂದರು. ನಾನು ಒದ್ದೆ. ಹಾಸಿಗೆ ಕೊಡವಿದ ಹಾಗಾಯಿತು. ಅವಳು ಚೂಡಿದಾರದ ಶಾಲನ್ನು ಸೊಂಟಕ್ಕೆ ಕಟ್ಟಿ ಒದ್ದಳು. ಜಿಮ್ಮಿನಲ್ಲಿದ್ದವರೆಲ್ಲ ತಿರುಗಿ ನೋಡಿದರು.

ಮೊದಲೇ ಎಲ್ಲಾದರೂ ಕಲಿತದ್ದುಂಟಾ ಎಂದು ಕೋಚ್ ಕೇಳಿದರು.

"ಇಲ್ಲ ಸರ್. ಅಕ್ಕನ ಜೊತೆ ಸುಮ್ಮನೆ ಬಂದದ್ದು."

ಶಾಲೆಯಲ್ಲಿ ಅವಳು ಓಟಕ್ಕೂ ನಿಂತವಳಲ್ಲವಂತೆ. ಏನಾದರೊಂದು ಕಾರಣವಿದ್ದಿದ್ದರೆ ನಾನು ಸಮಾಧಾನ ಮಾಡಿಕೊಳ್ಳುತ್ತಿದ್ದೆ. ಅಂದಿನಿಂದ ಅವಳ ಒದೆತಗಳಿಗೆ ಕೋಚ್ ತಾವೇ ದಪ್ಪ ಪ್ಯಾಡ್ ಅಡ್ಡ ಹಿಡಿಯತೊಡಗಿದರು. ನನ್ನನ್ನು ಬೆನ್ನುನೋವಿಗೆಂದು ವ್ಯಾಯಾಮಕ್ಕೆ ಬರುತ್ತಿದ್ದ ಒಬ್ಬ ಬ್ಯಾಂಕ್ ಮ್ಯಾನೇಜರರ ಜೊತೆ ಹಾಕಿದರು. ನಾವಿಬ್ಬರೂ ಒಬ್ಬರಿಗೊಬ್ಬರು ನೋವಾಗದಂತೆ ಒದ್ದುಕೊಳ್ಳುತ್ತಿದ್ದೆವು. ಆಚೆಯಿಂದ ಅವಳ ಒದೆತದ ಸದ್ದು ಬಂದಾಗಲೆಲ್ಲ ನನ್ನ ಕಣ್ಣು ಅತ್ತಲೇ ಹೋಗುತ್ತಿತ್ತು. ಮನೆಗೆ ಬಂದು ಅವಳು ಏನೂ ಆಗದವಳಂತೆ ದೋಸೆಗೆ ಅಕ್ಕಿ ಕಡೆಯುವುದನ್ನು ನೋಡಿದರೆ ಹೊಟ್ಟೆಯುರಿ ಇನ್ನೂ ಹೆಚ್ಚುತ್ತಿತ್ತು.

ಬೆಳಗ್ಗೆ ಬೇಗ ಎದ್ದು, ತಾರಸಿಯಲ್ಲಿ ಹಳೆಯ ಹಾಸಿಗೆಯನ್ನು ಸುರುಳಿ ಸುತ್ತಿ ಕಂಬಕ್ಕೆ ಕಟ್ಟಿ ಒದೆಯಲು ಶುರುಮಾಡಿದೆ. ಬಟ್ಟೆ ಒಣಹಾಕಲು ಬಂದ ಅವಳು ನೋಡಿದಳು. ಬಟ್ಟೆಯ ಬಕೆಟ್ಟನ್ನು ಅಲ್ಲೇ ಇಟ್ಟು ಇಳಿದು ಹೋದಳು. ಆ ಸಂಜೆ ಜಿಮ್ಮಿನಲ್ಲಿ ಅವಳ ಕಾಲು ಬೇಕೆಂದೇ ಮೆತ್ತಗಿತ್ತು. ಹುಷಾರಿಲ್ವಾ ಎಂದು ಕೋಚ್ ಕೇಳಿದರು. ಉಡುಪಿಯ ಸ್ಪರ್ಧೆಗೆ ನಿನ್ನ ಹೆಸರು ಕೊಡಲಿದ್ದೇನೆ ಎಂದಾಗ ಬೇಡ ಸರ್ ಎಂದುಬಿಟ್ಟಳು.

ಕೆಳಗೆ ಸ್ಕೂಟರಿನ ಹತ್ತಿರ ಬಂದು ಹೇಳಿದಳು: "ನಾನು ಬಿಡ್ತೇನೆ ಅಕ್ಕ. ಇದು ನಿಮ್ಮ ಆಸೆ ಅಲ್ವಾ."

ಒಂದು ಕ್ಷಣ ಎಷ್ಟು ಹಗುರಾಯಿತೆಂದರೆ, ಆಗಲಿ ಎಂಬ ಮಾತು ನಾಲಗೆಯ ತುದಿಗೇ ಬಂದಿತ್ತು. ಅವಳಿಲ್ಲದ ಜಿಮ್ಮನ್ನು ಕಣ್ಣೆದುರು ತಂದುಕೊಂಡೆ. ಅಲ್ಲಿಯೂ ನಾನು ಬ್ಯಾಂಕ್ ಮ್ಯಾನೇಜರರ ಎದುರೇ ನಿಂತಿದ್ದೆ.

"ನಿನಗೆ ಇಷ್ಟ ಉಂಟಾ ಇಲ್ವಾ? ಅದನ್ನು ಹೇಳು."

ಅವಳು ಹೆಲ್ಮೆಟ್ಟಿನ ಪಟ್ಟಿ ಎಳೆದಳು. "ತುಂಬಾ ಉಂಟು. ನನಗೆ ಏನಾದರೂ ಬರ್ತದೆ ಅಂತ ಇಷ್ಟರವರೆಗೆ ಯಾರೂ ಹೇಳಿದ್ದಿಲ್ಲ."

"ಹಾಗಾದರೆ ಹೋಗು. ನನಗೆ ಹೊಟ್ಟೆಕಿಚ್ಚು ಆಗ್ತದೆ, ಸುಳ್ಳು ಯಾಕೆ ಹೇಳಲಿ. ನೀನು ಮೆಲ್ಲ ಒದ್ದರೆ ಅದೇನೂ ಕಡಿಮೆ ಆಗುವುದಿಲ್ಲ ಮಾರಾಯ್ತಿ."

ಉಡುಪಿಯಲ್ಲಿ ಅವಳಿಗೆ ಎದುರಾದದ್ದು ಮಣಿಪಾಲದಲ್ಲಿ ಓದುತ್ತಿದ್ದ ಎತ್ತರದ ಹುಡುಗಿ. ಮೊದಲ ಸುತ್ತಿನಲ್ಲೇ ಓರಗಿತ್ತಿಯ ಪಕ್ಕೆಗೆ ಒಂದು ಒದೆತ ಬಿತ್ತು. ನನ್ನ ಮನಸ್ಸು ತುಸು ತಂಪಾಯಿತು. ಮುಂದಿನ ಸುತ್ತಿನಲ್ಲಿ ಮೂಗಿನಿಂದ ರಕ್ತ ಬಂದಾಗ ಮಾತ್ರ ನಾನು ಕುರ್ಚಿಯಿಂದೆದ್ದು ತುಳುವಿನಲ್ಲಿ ಕೂಗುತ್ತಿದ್ದೆನಂತೆ. ಏನೆಂದು ಕೂಗಿದೆನೋ ನೆನಪಿಲ್ಲ. ಅವಳು ಗೆದ್ದಳು. ಗ್ಲೌಸ್ ಕೂಡ ಬಿಚ್ಚದೆ ನೇರ ನನ್ನ ಬಳಿ ಬಂದು ತಬ್ಬಿಕೊಂಡಳು. ನನಗೆ ಅಳು ಬಂತು. ಓರಗಿತ್ತಿಯ ಮೇಲೆ ಎಷ್ಟು ಪ್ರೀತಿ ನೋಡಿ ಎಂದರು ಪಕ್ಕದಲ್ಲಿದ್ದ ಹೆಂಗಸು. ಅದಷ್ಟೇ ಅಲ್ಲ ಎಂದು ನಾನು ತಿದ್ದಲು ಹೋಗಲಿಲ್ಲ.

ಈಗ ಬೆಳಗಿನ ಹೆಂಗಸರ ತರಗತಿಗೆ ಅವಳೇ ಕಲಿಸುತ್ತಾಳೆ. ಅತ್ತೆ ಬಂದ ನೆಂಟರಿಗೆಲ್ಲ ಅವಳ ಪದಕ ತೋರಿಸುತ್ತಾರೆ. ಆಗ ನಾನು ಚಹಾ ಮಾಡುವ ನೆಪದಲ್ಲಿ ಒಳಗೆ ಹೋಗುತ್ತೇನೆ. ಆದರೆ ತರಗತಿ ತಪ್ಪಿಸುವುದಿಲ್ಲ. ಮೊನ್ನೆ ಅವಳು ನನಗೆ ಪ್ಯಾಡ್ ಹಿಡಿದಿದ್ದಳು. ಇದ್ದ ಸಿಟ್ಟನ್ನೆಲ್ಲ ಕಾಲಿಗೆ ತಂದು ಒದ್ದೆ. ಅವಳು ಒಂದು ಹೆಜ್ಜೆ ಹಿಂದೆ ಸರಿದಳು, ಮತ್ತೆ ಗಟ್ಟಿಯಾಗಿ ನಿಂತಳು. ಚೆನ್ನಾಯಿತು ಎನ್ನಲಿಲ್ಲ.

"ಇನ್ನೊಂದು," ಎಂದಳು.