ಒಂದು ಟೈಲ್ಸಿನ ಅಂತರ

ಆ ದಿನ ಬೆಳಿಗ್ಗೆ ಪಕ್ಕದ ಮನೆಯ ಟೀಚರ್ ಬೇಲಿಯ ಮೇಲಿಂದ ಒಂದು ಬಿಳಿ ಚಾದರ ಎತ್ತಿ ತೋರಿಸಿದರು. ನಟ್ಟನಡುವೆ ಕಂದು ಗೆರೆ.

"ನೋಡಿ, ಮತ್ತೆ ನಿಮ್ಮ ಗಿಡ ನಮ್ಮ ಹಗ್ಗದ ಮೇಲೆ ಬಿದ್ದಿದೆ. ಬೇಲಿ ಕೆಳಗಿಂದಾನೂ ನುಗ್ತಾ ಇದೆ. ನಾನು ಗುಲಾಬಿ ಹಾಕಿದ್ರೆ ಇದೇ ಬರುತ್ತೆ."

ಬೇಲಿಯ ಈಚೆ ನಿಂತಿದ್ದ ಅವಳಿಗೆ ನಾಚಿಕೆಯಾಯಿತು. ಲಾಂಡ್ರಿಯಲ್ಲಿ ದಿನವಿಡೀ ಕಂಡವರ ಚಾದರಗಳಿಗೆ ಇಸ್ತ್ರಿ ಹಾಕುವವಳು ಅವಳು. ಒಗೆದ ಬಟ್ಟೆ ಮತ್ತೆ ಕೊಳೆಯಾದರೆ ಹೊಟ್ಟೆ ಹೇಗೆ ಉರಿಯುತ್ತದೆಂದು ಅವಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಸೀದಾ ಒಳಗೆ ಬಂದಳು.

"ರೀ, ಸಾಕಾಯ್ತು ನಂಗೆ. ಇವತ್ತು ನಿಮಗೆ ಕೆಲಸ ಇಲ್ವಲ್ಲ, ಅದನ್ನೆಲ್ಲ ಕಿತ್ತು ಹಾಕಿ. ಒಂದು ಚೂರೂ ಉಳೀಬಾರ್ದು. ಇಲ್ಲಾಂದ್ರೆ ನಾನು ಮಗಳ ಮನೆಗೆ ಹೋಗ್ತೀನಿ."

"ಹೋಗೋದಾದ್ರೆ ಬರಿಗೈಲಿ ಹೋಗ್ಬೇಡ. ಒಂದು ಚೀಲ ಗೆಡ್ಡೆ ತಗೊಂಡ್ಹೋಗು."

"ತಮಾಷೆ ಬೇಡ."

"ಆಯ್ತು ಮಹಾರಾಯ್ತಿ. ಕೀಳ್ತೀನಿ."

ಗಂಡ ಟೈಲ್ಸ್ ಹಾಕುವ ಮೇಸ್ತ್ರಿ. ಮೂವತ್ತು ವರ್ಷ ಬೇರೆಯವರ ನೆಲದ ಮೇಲೆ ಮಂಡಿಯೂರಿ ಎರಡೂ ಮಂಡಿ ಸವೆಸಿಕೊಂಡಿದ್ದ. ಯಾವುದೋ ದೊಡ್ಡ ಮನೆಯ ಅಡುಗೆಕೋಣೆಗೆ ಟೈಲ್ಸ್ ಹಾಕಲು ಹೋದಾಗ ಆ ಮನೆಯಾಕೆ ಒಂದು ಹಿಡಿ ಗೆಡ್ಡೆ ಕೊಟ್ಟಿದ್ದರು. ಹೆಸರು ಜೆರುಸಲೆಮ್ ಆರ್ಟಿಚೋಕ್ ಅಂತ. ಅದಕ್ಕೆ ಮೇಸ್ತ್ರಿಯ ನಾಲಿಗೆ ಹೊರಳಲಿಲ್ಲ. ಶುಂಠಿಯ ಹಾಗೆ ಗಂಟು ಗಂಟಾಗಿದೆಯಲ್ಲ, ಗಂಟುಗೆಡ್ಡೆ ಎಂದ. ಮನೆಯಲ್ಲಿ ಅದೇ ಹೆಸರು ನಿಂತಿತು.

ಅದು ಸೂರ್ಯಕಾಂತಿಯ ನಂಟಿನ ಗಿಡ. ಆಳೆತ್ತರ ಮೀರಿ ಬೆಳೆದು ತುದಿಯಲ್ಲಿ ಸಣ್ಣ ಹಳದಿ ಹೂ ಬಿಡುತ್ತದೆ. ಹೂ ಬಾಡಿ ಕಾಂಡ ಒಣಗಿದ ಮೇಲೆ ಬುಡ ಅಗೆದು ಗೆಡ್ಡೆ ತೆಗೆಯಬೇಕು. ಬೆರಳ ತುದಿಯಷ್ಟು ಚೂರು ಮಣ್ಣಲ್ಲಿ ಉಳಿದರೂ ಮುಂದಿನ ವರ್ಷ ಅಲ್ಲೇ ಹಾಜರು. ಮೊದಲ ವರ್ಷ ಐದು ಗಿಡ ಇದ್ದವು. ಮೂರನೇ ವರ್ಷಕ್ಕೆ ಬೇಲಿಯ ಕಡೆ ಹಿತ್ತಲೇ ಕಾಣಲಿಲ್ಲ.

ಸಿಪ್ಪೆ ತೆಗೆಯಲು ಕೂತರೆ ಅರ್ಧ ಗೆಡ್ಡೆ ಸಿಪ್ಪೆಯಲ್ಲೇ ಹೋಗುತ್ತಿತ್ತು. ಅದಕ್ಕೆ ಅವಳು ಹಳೇ ಟೂತ್ ಬ್ರಷ್ಷಿನಿಂದ ಸಂದುಗೊಂದಿನ ಮಣ್ಣು ಉಜ್ಜಿ, ತೆಳ್ಳಗೆ ಹೆಚ್ಚಿ, ಉಪ್ಪು ಕಾಳುಮೆಣಸು ಹಾಕಿ ಎಣ್ಣೆಯಲ್ಲಿ ಹುರಿಯುತ್ತಿದ್ದಳು. ಸಿಹಿ ಸಿಹಿಯಾಗಿ ಬಾಯಿಗೆ ಚೆನ್ನಾಗಿಯೇ ಇತ್ತು. ಹೊಟ್ಟೆಯೊಳಗೆ ಮಾತ್ರ ಗುಡುಗುಡು. ಮೇಸ್ತ್ರಿ ಬೀದಿಗೆಲ್ಲ ಹಂಚಿ, "ಮೊದಲ ದಿನ ಎರಡೇ ಎರಡು ತಿನ್ನಿ, ಹೊಟ್ಟೆಗೆ ಪರಿಚಯ ಆಗ್ಬೇಕು" ಎನ್ನುತ್ತಿದ್ದ. ಯಾರೂ ಕೇಳುತ್ತಿರಲಿಲ್ಲ. ಆಮೇಲಾಮೇಲೆ ಅವನ ಕೈಯಲ್ಲಿ ಚೀಲ ಕಂಡರೆ ಜನ ಬಾಗಿಲು ಹಾಕಿಕೊಳ್ಳುತ್ತಿದ್ದರು.

ಸಂಜೆ ಅವಳು ಲಾಂಡ್ರಿಯಿಂದ ಬಂದಾಗ ಹಿತ್ತಲು ಬೋಳಾಗಿತ್ತು. ಕಾಂಡಗಳನ್ನು ಕತ್ತರಿಸಿ ಮೂಲೆಗೆ ಒಟ್ಟಿದ್ದ. ನೆಲ ಸಮ ಮಾಡಿದ್ದ. ಅಡುಗೆಮನೆಯ ಬಾಗಿಲಲ್ಲಿ ಒಂದು ಬಕೆಟ್ ಗೆಡ್ಡೆ.

"ಒಂದೇ ಬಕೆಟ್ಟಾ? ಹೋದ ವರ್ಷ ಮೂರು ಚೀಲ ಆಗಿತ್ತು."

"ಈ ಸಲ ಬಿಟ್ಟಿರೋದೇ ಇಷ್ಟು."

"ಎಲ್ಲಾ ಕಿತ್ರಾ?"

"ಕಿತ್ತೆ ಕಣೇ. ಕಣ್ಣಿದ್ರೆ ನೋಡ್ಕೋ."

ಬೆವರಿಗೆ ಅವನ ಅಂಗಿ ಬೆನ್ನಿಗೆ ಅಂಟಿಕೊಂಡಿತ್ತು. ಊಟ ಮಾಡಿ ಬೇಗ ಮಲಗಿದ. ಬೆಳಿಗ್ಗೆ ಏಳಲಿಲ್ಲ.

ಡಾಕ್ಟರ್ ಬಂದು ನೋಡಿ, "ಹೃದಯ ನಿಂತಿದೆ. ಕುರ್ಚಿಯಲ್ಲಿ ಸುಮ್ನೆ ಕೂತಿದ್ರೂ ಆಗ್ತಿತ್ತಮ್ಮ" ಎಂದರು. ಅವಳು ನಂಬಲಿಲ್ಲ. ಕೂತಿರಲಿಲ್ಲವಲ್ಲ. ಕೆಟ್ಟ ಮಂಡಿ ಇಟ್ಟುಕೊಂಡು ಇಡೀ ಹಿತ್ತಲು ಅಗೆದಿದ್ದ. ಅಗೆಸಿದವಳು ಅವಳು. ಮದುವೆಯಾದ ಮೇಲೆ ಒಂದು ದಿನವೂ ಅವಳ ಮಾತು ಕಿವಿಗೆ ಹಾಕಿಕೊಳ್ಳದವನು ಅವತ್ತೊಂದು ದಿನ ಕೇಳಿದ, ಹೋದ. ಇದನ್ನು ಅವಳು ಯಾರ ಹತ್ತಿರವೂ ಬಾಯಿಬಿಡಲಿಲ್ಲ. ಮಗಳ ಹತ್ತಿರವೂ ಇಲ್ಲ.

ಮನೆ ತುಂಬ ನೆಂಟರಿದ್ದರು. ಮಗಳು ಕೈಗೆ ಸಿಕ್ಕಿದ್ದನ್ನು ಬೇಯಿಸಿದಳು, ಅರ್ಧ ಬಕೆಟ್ ಗೆಡ್ಡೆಯೂ ಅದರಲ್ಲಿ ಹೋಯಿತು. ಮಧ್ಯಾಹ್ನ ಎಲ್ಲರೂ ಗೋಡೆಗೊರಗಿ ತಲೆ ತಗ್ಗಿಸಿ ಕೂತಿದ್ದಾಗ ಒಬ್ಬೊಬ್ಬರ ಹೊಟ್ಟೆಯೂ ಮಾತಾಡತೊಡಗಿತು. ಯಾರೂ ಯಾರ ಮುಖವನ್ನೂ ನೋಡಲಿಲ್ಲ. ಕೊನೆಗೆ ಮೈದುನ ಕಣ್ಣೊರೆಸಿಕೊಂಡು, "ಅತ್ತಿಗೆ, ಅಣ್ಣ ಹೋದ್ಮೇಲೂ ನಮ್ಮನ್ನ ಬಿಡ್ಲಿಲ್ಲ ನೋಡಿ" ಎಂದ. ಎಲ್ಲರೂ ನಕ್ಕರು. ಅವಳೂ ನಕ್ಕಳು, ಆಮೇಲೆ ಅತ್ತಳು.

ಉಳಿದ ಅರ್ಧವನ್ನು ಅವಳು ಯಾರಿಗೂ ಮುಟ್ಟಗೊಡಲಿಲ್ಲ. ಅವನು ಕೈಯಾರೆ ಕೊನೆಯದಾಗಿ ಇಟ್ಟದ್ದು. ಗಂಟುಗೆಡ್ಡೆಯ ಸಿಪ್ಪೆ ತೆಳು, ಗಾಳಿಗಿಟ್ಟರೆ ಬಾಳುವುದಿಲ್ಲ. ಮೇಸ್ತ್ರಿ ಒದ್ದೆ ಮರಳಲ್ಲಿ ಹೂತಿಡುತ್ತಿದ್ದ. ಅವಳು ಬಕೆಟ್ಟಿನಲ್ಲೇ ಇಟ್ಟಳು. ಹತ್ತು ದಿನಕ್ಕೆ ಸುಕ್ಕಾದವು, ಆಮೇಲೆ ಮೆತ್ತಗಾಗಿ ಬೂಸ್ಟು ಹಿಡಿದವು. ಒಂದು ದಿನ ಅವಳು ಕೆಲಸಕ್ಕೆ ಹೋಗಿದ್ದಾಗ ಮಗಳು ಎಸೆದಳು. ಅವಳು ಸಂಜೆ ಬಂದು ನೋಡಿದಳು. ಬಕೆಟ್ ತೊಳೆದು ಬೋರಲು ಹಾಕಿದಳು.

ಲಾಂಡ್ರಿ, ಮನೆ. ಮನೆ, ಲಾಂಡ್ರಿ. ಇಸ್ತ್ರಿಯ ಬಿಸಿಗೆ ಕೈ ನೋಯುತ್ತಿತ್ತು, ಮೊದಲೂ ನೋಯುತ್ತಿತ್ತು. ಹಿತ್ತಲ ಬಾಗಿಲನ್ನು ಅವಳು ತೆಗೆಯಲೇ ಇಲ್ಲ.

ಚಳಿ ಕಳೆದು ಮಣ್ಣು ಬೆಚ್ಚಗಾದ ಮೇಲೆ ಒಂದು ರಜೆಯ ದಿನ ಕಸ ಹಾಕಲು ಬಾಗಿಲು ತೆಗೆದಳು. ಹಿಂದಿನ ಗೋಡೆಯ ಬುಡದಲ್ಲಿ ಹಸಿರು ಕಂಡಿತು. ಒರಟು ಎಲೆ, ಜೋಡಿ ಜೋಡಿ. ಉಳಿದುಹೋದ ಚೂರು ಇರಬೇಕು ಎಂದುಕೊಂಡಳು. ಆದರೆ ಉಳಿದ ಚೂರು ಎಲ್ಲೆಂದರಲ್ಲಿ ಹುಟ್ಟುತ್ತದೆ. ಇವು ಹಾಗಿರಲಿಲ್ಲ. ಗೋಡೆಗೆ ಸರಿಯಾಗಿ, ದಾರ ಹಿಡಿದ ಹಾಗೆ ನೆಟ್ಟಗೆ ಒಂದು ಸಾಲು. ಟೀಚರ್ ಬೇಲಿ ಇರುವುದು ಇನ್ನೊಂದು ಪಕ್ಕ, ದೂರ. ಗೋಡೆಯ ಬುಡದಲ್ಲಿ ಯಾವತ್ತೂ ಗಿಡ ಇರಲೇ ಇಲ್ಲ.

ಒಳಗೆ ಹೋಗಿ ಮೇಸ್ತ್ರಿಯ ಕೆಲಸದ ಚೀಲ ಬಿಚ್ಚಿದಳು. ಅಳತೆಗೆಂದು ಅವನು ಯಾವಾಗಲೂ ಇಟ್ಟುಕೊಳ್ಳುತ್ತಿದ್ದ ಒಂದು ಬಿಳಿ ಟೈಲ್ಸ್ ಇತ್ತು. ಅದರ ಅಂಚಿಗೆ ಹಿತ್ತಲಿನ ಕೆಂಪು ಮಣ್ಣು ಒಣಗಿ ಹಿಡಿದಿತ್ತು. ತಂದು ಮೊದಲ ಮೊಳಕೆಗೂ ಎರಡನೆಯದಕ್ಕೂ ನಡುವೆ ಇಟ್ಟಳು. ಸರಿಹೋಯಿತು. ಎರಡಕ್ಕೂ ಮೂರಕ್ಕೂ ನಡುವೆ ಇಟ್ಟಳು. ಅಲ್ಲೂ ಸರಿ. ಕೊನೆಯವರೆಗೂ ಇಟ್ಟು ನೋಡಿದಳು.

"ಕಳ್ಳ," ಎಂದಳು.

ಅಲ್ಲೇ ನೆಲದಲ್ಲಿ ಕೂತಳು. ಒಂದೇ ಬಕೆಟ್ ಯಾಕೆ ಎಂದು ಈಗ ಗೊತ್ತಾಯಿತು. ಮಿಕ್ಕಿದ್ದನ್ನೆಲ್ಲ ಇಲ್ಲಿ ಹೂತು, ನೆಲ ಸಮ ಮಾಡಿ, ಕಣ್ಣಿದ್ರೆ ನೋಡ್ಕೋ ಅಂದಿದ್ದ. ಅವಳ ಮಾತು ಕೇಳಿ ಅಗೆದದ್ದಲ್ಲ. ತನಗೆ ಬೇಕಾದ ಹಾಗೆ ಅಗೆದು, ತನಗೆ ಬೇಕಾದಲ್ಲಿ ನೆಟ್ಟು, ಅವಳಿಗೊಂದು ಸುಳ್ಳು ಹೇಳಿ, ಉಂಡು ಮಲಗಿದ್ದ. ಕೊನೆಯ ದಿನವೂ ಅವಳ ಮಾತು ಕೇಳಿರಲಿಲ್ಲ. ಎಷ್ಟೋ ತಿಂಗಳಿಂದ ಬಿಗಿಹಿಡಿದಿದ್ದ ಉಸಿರು ಹೊರಗೆ ಬಂತು. ದಣಿವೇನೂ ಹೋಗಲಿಲ್ಲ.

ಟೀಚರ್ ಬೇಲಿಯ ಹತ್ತಿರ ಬಂದರು. "ಮತ್ತೆ ಬಂತಾ ಅದು?"

"ಬಂದಿದ್ದಲ್ಲ ಟೀಚರ್. ಹಾಕಿದ್ದು. ಅವ್ರು ಹಾಕಿ ಹೋಗಿದಾರೆ."

ಟೀಚರ್ ಬಗ್ಗಿ ಆ ಸಾಲನ್ನು ಕೊನೆಯವರೆಗೂ ನೋಡಿದರು. "ನನ್ನ ಕಡೆ ಬರದೆ ಇದ್ರೆ ಆಯ್ತು."

"ಬಂದ್ರೆ ನಾನೇ ಕೀಳ್ತೀನಿ."

ಈಗ ಲಾಂಡ್ರಿಗೆ ಹೊರಡುವ ಮುಂಚೆ ದಿನಾ ಬೆಳಿಗ್ಗೆ ಹಿತ್ತಲಿಗೆ ಹೋಗುತ್ತಾಳೆ. ಬೇಲಿಯ ಬುಡದಲ್ಲಿ ತಲೆ ಎತ್ತಿದ್ದನ್ನು ಗೆಡ್ಡೆಯ ಸಮೇತ ಕೀಳುತ್ತಾಳೆ. ಗೋಡೆಯ ಸಾಲಿನಲ್ಲಿ ವಾಲಿದ್ದನ್ನು ಮೇಸ್ತ್ರಿ ಟೈಲ್ಸಿನ ಸಾಲಿಗೆ ಹಿಡಿಯುತ್ತಿದ್ದ ನೀಲಿ ದಾರದಿಂದ ಗೋಡೆಗೆ ಹೊಡೆದ ಮೊಳೆಗೆ ಕಟ್ಟುತ್ತಾಳೆ. ಕೈ ತೊಳೆದು ಕೆಲಸಕ್ಕೆ ಹೋಗುತ್ತಾಳೆ.