ಬಿಸಿನೀರಿಗೆ ಮುಂಚೆ ಒಂದು ಪ್ರಶ್ನೆ

ಅಡುಗೆ ಅಕ್ಕನ ಬಲಗಾಲು ನೆಲ ಮುಟ್ಟುವ ಮೊದಲು ಒಂದು ಗಳಿಗೆ ಗಾಳಿಯಲ್ಲೇ ನಿಂತು ಯೋಚಿಸುತ್ತಿತ್ತು. ಎಡಗಾಲಿಗೆ ಆ ಅನುಮಾನವಿರಲಿಲ್ಲ, ಧಪ್ಪೆಂದು ಮುಂದೆ ಹೋಗಿಬಿಡುತ್ತಿತ್ತು. ಬಲಗಾಲು ಮಾತ್ರ ಇಲ್ಲಿಡಲೋ ಅಲ್ಲಿಡಲೋ ಎಂದು ನೋಡಿಕೊಂಡು ಆಮೇಲೆ ಬರುತ್ತಿತ್ತು. ಹಾಗಾಗಿ ಅವರು ಅಡುಗೆಮನೆಯಿಂದ ಹೊರಟದ್ದು ನೋಡದೆಯೇ ತಿಳಿಯುತ್ತಿತ್ತು: ಒಂದು ದೊಡ್ಡ ಸದ್ದು, ಸ್ವಲ್ಪ ಬಿಡುವು, ಒಂದು ಸಣ್ಣ ಸದ್ದು. ತೋಟದಲ್ಲಿ ಕಾಳುಮೆಣಸು ಕೊಯ್ಯುವಾಗ ಏಣಿ ಜಾರಿ ಬಿದ್ದು ಮುರಿದ ಕಾಲು ಅದು. ಕೂಡಿಕೊಂಡಿತು, ಆದರೆ ಸೊಟ್ಟ ಕೂಡಿಕೊಂಡಿತು. ಆಮೇಲೆ ತೋಟದ ಕೆಲಸ ಆಗುವುದಿಲ್ಲವೆಂದು ನಮ್ಮ ಲಾಡ್ಜಿಗೆ ಅಡುಗೆಗೆ ಬಂದರು. ನಾನು ಆ ಲಾಡ್ಜಿಗೆ ಸೇರಿದಾಗ ಅವರಾಗಲೇ ಅಲ್ಲಿ ಹಳಬರು. ಹದಿನಾಲ್ಕು ವರ್ಷ ಆ ಸದ್ದನ್ನು ಕೌಂಟರಿನ ಹಿಂದೆ ಕೂತು ಕೇಳಿದೆ.

ಕೊಟ್ಟಿಗೆಹಾರ ದಾಟಿ ಕಳಸದ ಕಡೆ ಹೋಗುವ ರಸ್ತೆಯಲ್ಲಿ, ಬೆಟ್ಟದ ಬುಡಕ್ಕೆ ನಮ್ಮ ಒಂಬತ್ತು ರೂಮಿನ ಲಾಡ್ಜು. ಮೇಲೆ ಹಳೆಯ ಕೋಟೆ. ನಮ್ಮ ಕಡೆಯವರಿಗೆ ಅದು ಬರೀ ದುರ್ಗ. ಬಿದ್ದ ಗೋಡೆ, ಅರ್ಧ ಉಳಿದ ಒಂದು ಬಾಗಿಲು, ಒಂದು ಕೊಳ, ಉಳಿದದ್ದೆಲ್ಲ ಹುಲ್ಲು ಮತ್ತು ಗಾಳಿ. ಅದನ್ನು ನೋಡಲು ಎಲ್ಲೆಲ್ಲಿಂದಲೋ ಜನ ಬರುತ್ತಾರೆ. ನಾನು ಅಲ್ಲಿ ಮ್ಯಾನೇಜರು. ಮ್ಯಾನೇಜರು ಎಂದರೆ ದೊಡ್ಡ ಮಾತಾಯಿತು. ಕೀ ಕೊಡುವುದು, ಕೀ ಇಸಿದುಕೊಳ್ಳುವುದು, ನಡುವೆ ಬೈಸಿಕೊಳ್ಳುವುದು. ನೆಟ್‌ವರ್ಕ್ ಇಲ್ಲ ಎಂದು ಬೈಯುವವರು, ಜಿಗಣೆ ಇದೆ ಎಂದು ಬೈಯುವವರು. ಒಬ್ಬರಂತೂ ಕೌಂಟರಿನ ಹಿಂದೆ ತೂಗುಹಾಕಿದ್ದ ದುರ್ಗದ ಫೋಟೋ ತೋರಿಸಿ, "ಇದ್ರಲ್ಲಿ ಆಕಾಶ ನೀಲಿ ಇದೆಯಲ್ರೀ, ನಮಗ್ಯಾಕೆ ಬರೀ ಮಂಜು?" ಎಂದು ನನ್ನನ್ನೇ ಕೇಳಿದ್ದರು, ನಾನೇ ಮಂಜು ಬಿಟ್ಟವನ ಹಾಗೆ. ಆ ಫೋಟೋ ನೋಡಿದವರೆಲ್ಲ ಮುಂದಿನ ಮಾತು ಕೇಳುತ್ತಿದ್ದರು: "ನೀವು ಹೋಗಿದೀರಾ ಸಾರ್?" "ಎಷ್ಟೋ ಸಲ" ಎನ್ನುತ್ತಿದ್ದೆ. ಬಾಗಿಲು ಹೀಗಿದೆ, ಗೋಡೆ ಹಾಗೆ ತಿರುಗುತ್ತದೆ, ಕೊಳ ಬೇಸಿಗೆಯಲ್ಲೂ ಬತ್ತುವುದಿಲ್ಲ ಎಂದು ಕೈ ಆಡಿಸಿ ವಿವರಿಸುತ್ತಿದ್ದೆ.

ನಾನು ಒಂದು ಸಲವೂ ಹತ್ತಿರಲಿಲ್ಲ. ಹೇಳುತ್ತಿದ್ದುದೆಲ್ಲ ಅಡುಗೆ ಅಕ್ಕನಿಂದ ಕೇಳಿದ್ದು. ಅಕ್ಕನೂ ಹತ್ತಿದವರಲ್ಲ. ಅವರು ಕೇಳಿದ್ದು ಗೆಸ್ಟುಗಳಿಂದ.

ಅದು ಹೀಗೆ. ರೂಮುಗಳಲ್ಲಿ ಗೀಸರು ಇತ್ತು, ಆದರೆ ಕರೆಂಟು ಇರುತ್ತಿರಲಿಲ್ಲ. ಅಡುಗೆಮನೆಯ ಹಿಂದೆ ಸೌದೆ ಒಲೆಯ ಮೇಲೆ ದೊಡ್ಡ ತಾಮ್ರದ ಹಂಡೆ, ಅದು ಅಕ್ಕನ ಸುಪರ್ದಿ. ಬೆಟ್ಟ ಇಳಿದು ಬಂದವರು ಬಕೆಟ್ಟು ಹಿಡಿದು ಅಲ್ಲಿಗೇ ಹೋಗಬೇಕು. ಅಕ್ಕ ಚೊಂಬನ್ನು ಹಂಡೆಗೆ ಅದ್ದಿ, ಎತ್ತದೆ, ಕೇಳುತ್ತಿದ್ದರು: "ಏನ್ ಕಂಡ್ರಿ?"

ಉತ್ತರ ಬಂದಮೇಲೆ ನೀರು.

"ಸಖತ್ತಾಗಿತ್ತು ಆಂಟಿ. ವ್ಯೂ ಅಂತೂ ಬೆಂಕಿ!"

"ಬೆಂಕಿನಾ? ಹುಲ್ಲಿಗೆ ಹತ್ಕಂಡಿತ್ತಾ?"

"ಅಯ್ಯೋ ಇಲ್ಲ ಆಂಟಿ, ಚೆನ್ನಾಗಿತ್ತು ಅಂತ."

"ಚೆನ್ನಾಗಿರ್ತದೆ ಅಂತ ನಂಗೂ ಗೊತ್ತು ಮಾರಾಯ. ಕಂಡಿದ್ದೇನು ಹೇಳು. ಕೊಳದಲ್ಲಿ ನೀರಿತ್ತಾ? ಅದ್ರ ಹತ್ರ ಕೂರೋಕೆ ಒಂದು ಕಲ್ಲಿದೆಯಂತಲ್ಲ, ಕಂಡ್ಯಾ?"

"ಕಲ್ಲು ತುಂಬಾ ಇತ್ತು ಆಂಟಿ."

"ತುಂಬಾ ಇರ್ತವೆ" ಎಂದು ಅಕ್ಕ ನೀರು ಸುರಿದು ಬಕೆಟ್ಟು ತಳ್ಳುತ್ತಿದ್ದರು.

ಹೊಸದಾಗಿ ಮದುವೆಯಾದ ಒಂದು ಜೋಡಿ ಬಂದಿತ್ತು. ಹುಡುಗಿ ತಲೆ ತಗ್ಗಿಸಿ, "ನಾವು ಏನೂ ಸರಿಯಾಗಿ ನೋಡ್ಲಿಲ್ಲ ಅಕ್ಕ" ಎಂದಳು. ಅಕ್ಕ ನಕ್ಕು ನಕ್ಕು ಎರಡು ಬಕೆಟ್ಟು ನೀರು ಕೊಟ್ಟರು.

ನಾನೊಮ್ಮೆ, "ಪಾಪ, ಸ್ನಾನ ಮಾಡಿ ಬಂದ್ಮೇಲೆ ಕೇಳ್ಬಾರ್ದಾ ಅಕ್ಕ?" ಎಂದೆ. "ದಣಿದು ಬಂದಾಗ್ಲೇ ಕೇಳ್ಬೇಕು ಮ್ಯಾನೇಜ್ರೇ. ಸ್ನಾನ ಮಾಡಿ ಬಟ್ಟೆ ಹಾಕ್ಕಂಡ್ಮೇಲೆ ಎಲ್ರೂ ಚೆಂದ ಮಾಡಿ ಹೇಳ್ತಾರೆ" ಎಂದರು.

ಅಷ್ಟು ವರ್ಷಗಳಲ್ಲಿ ಅವರಿಗೆ ತುಂಬ ಹಿಡಿಸಿದ ಉತ್ತರ ಒಂದು ಮಗುವಿನದು. ಹಾಸನದ ಕಡೆಯವರು, ಆರೇಳು ವರ್ಷದ ಹುಡುಗಿ, ಅರ್ಧ ದಾರಿ ಅಪ್ಪನ ಹೆಗಲ ಮೇಲೆ ಹೋಗಿ ಬಂದಿದ್ದಳು. ಏನ್ ಕಂಡೆ ಪುಟ್ಟಾ ಎಂದರೆ, "ಒಂದು ಕಲ್ಲು ಬೆಚ್ಚಗಿತ್ತು" ಎಂದಳು.

"ಎಲ್ಲಿ?"

"ನೀರಿನ ಹತ್ರ. ನಾನು ಅದ್ರ ಮೇಲೆ ಮಲ್ಕೊಂಡೆ."

ಅಕ್ಕನ ಚೊಂಬು ಹಂಡೆಯೊಳಗೇ ನಿಂತಿತು. ಆ ದಿನ ಮಗುವಿಗೆ ಕಡುಬಿನ ಜೊತೆ ಬೆಲ್ಲ, ತುಪ್ಪ, ಕೊನೆಗೆ ಅಕ್ಕನ ಪಾಲಿನ ಬಾಳೆಹಣ್ಣೂ ಹೋಯಿತು. ವಾರವಿಡೀ ನನ್ನ ಹತ್ತಿರ ಅದೇ ಮಾತು. "ಬೆಚ್ಚಗಿತ್ತಂತೆ ಮ್ಯಾನೇಜ್ರೇ." ಬಿಸಿಲಿಗೆ ಕಲ್ಲು ಕಾಯದೆ ಇನ್ನೇನಾಗುತ್ತದೆ ಎಂದು ನಾನು ರೂಮಿನ ಚಾದರ ಎಣಿಸುತ್ತಿದ್ದೆ.

ಕಾಲ ಹಾಗೇ ಇರಲಿಲ್ಲ. ಗೆಸ್ಟುಗಳು ಬಾಯಲ್ಲಿ ಬೈಯುವುದನ್ನು ಬಿಟ್ಟು ಫೋನಿನಲ್ಲಿ ಬರೆಯತೊಡಗಿದರು. ಒಬ್ಬಾತ ಬರೆದ: ಜಾಗ ಚೆನ್ನಾಗಿದೆ, ರೊಟ್ಟಿ ಚೆನ್ನಾಗಿದೆ, ಆದರೆ ಸುಸ್ತಾಗಿ ಬಂದವರನ್ನು ಅಡುಗೆಯಾಕೆ ಪೊಲೀಸರ ಹಾಗೆ ವಿಚಾರಣೆ ಮಾಡುತ್ತಾಳೆ, ಉತ್ತರ ಕೊಡುವ ತನಕ ಬಿಸಿನೀರಿಲ್ಲ. ಅದನ್ನು ಓದಿದ ಲಾಡ್ಜಿನ ಸಾಹುಕಾರರು ಮೂಡಿಗೆರೆಯಿಂದ ನನಗೆ ಫೋನು ಮಾಡಿದರು. ನಾನು ಅಡುಗೆಮನೆಗೆ ಹೋದೆ. ಅಕ್ಕ ಅಕ್ಕಿ ರೊಟ್ಟಿ ತಟ್ಟುತ್ತಿದ್ದರು.

"ಅಕ್ಕ, ಇನ್ಮೇಲೆ ಗೆಸ್ಟ್ ಹತ್ರ ಕೇಳೋದು ನಿಲ್ಸಿ."

"ಏನ್ ಕೇಳಿದೆ ನಾನು?"

"ಅದೇ, ಏನ್ ಕಂಡ್ರಿ ಅಂತ."

"ಅಷ್ಟೇ ಅಲ್ವಾ ಕೇಳೋದು?"

"ಅವ್ರು ದಣಿದು ಬಂದಿರ್ತಾರೆ."

"ನಾನೂ ದಣಿದೇ ಇರ್ತೀನಲ್ಲ" ಎಂದರು ಅಕ್ಕ. ಕಾವಲಿಯ ಮೇಲಿದ್ದ ರೊಟ್ಟಿ ಮಗುಚಿದರು. "ಆಯ್ತು ಬಿಡಿ."

ಮರುದಿನದಿಂದ ಕೇಳಲಿಲ್ಲ. ಬಕೆಟ್ಟು ಬಂತು, ನೀರು ಬಿತ್ತು, ಬಕೆಟ್ಟು ಹೋಯಿತು. ಯಾರೂ ದೂರು ಬರೆಯಲಿಲ್ಲ. ನನಗೆ ಮಾತ್ರ ಸಂಜೆಯ ಹೊತ್ತು ಏನೋ ಕಳೆದುಕೊಂಡವನ ಹಾಗೆ ಆಗುತ್ತಿತ್ತು. ಗೆಸ್ಟುಗಳಿಗೆ ಹೇಳಲು ಹೊಸದೇನೂ ಸಿಗದೆ ಹಳೆಯದನ್ನೇ ಹೇಳುತ್ತಿದ್ದೆ.

ಒಂದು ಮಳೆಯ ಮಧ್ಯಾಹ್ನ, ರೂಮೆಲ್ಲ ಖಾಲಿ. ಅಕ್ಕ ಹಂಡೆ ಒಲೆಯ ಮುಂದೆ ಕೂತು ಹಲಸಿನ ಬೀಜ ಸುಲಿಯುತ್ತಿದ್ದರು. ಚಳಿಗೆ ನಾನೂ ಹೋಗಿ ಕೂತೆ. ಕೇಳಿದೆ: "ಅಷ್ಟು ವರ್ಷ ಅದೊಂದೇ ಯಾಕೆ ಕೇಳ್ತಿದ್ರಿ ಅಕ್ಕ?"

ಅವರು ಸುಲಿಯುವುದನ್ನು ನಿಲ್ಲಿಸಲಿಲ್ಲ.

"ನಮ್ಮನೆಯವ್ರು ದನ ಕಾಯೋಕೆ ಹೋಗ್ತಿದ್ದಿದ್ದು ಅಲ್ಲಿಗೇ ಅಲ್ವಾ. ಆಗೆಲ್ಲ ಊರ ದನ ದುರ್ಗದ ಹುಲ್ಲಿಗೇ ಹೋಗ್ತಿದ್ವು. ಬೆಳಿಗ್ಗೆ ಹೋದ್ರೆ ಸಂಜೆ ಬರೋರು. ಇಪ್ಪತ್ತು ಇಪ್ಪತ್ತೈದು ವರ್ಷ. ಏನಿದೆ ಅಲ್ಲಿ ಅಂದ್ರೆ, ಏನಿರ್ತದೆ, ಕಲ್ಲು ಅನ್ನೋರು. ಮಾತೇ ಕಮ್ಮಿ. ನಂಜೊತೆ ಇದ್ದಿದ್ದಕ್ಕಿಂತ ಜಾಸ್ತಿ ಅಲ್ಲೇ ಇದ್ರು ನೋಡಿ."

"ನೀವೊಂದ್ಸಲ ಹೋಗ್ಬೋದಿತ್ತಲ್ಲ?"

"ಹೋಗ್ಬೋದಿತ್ತು. ಕಾಲು ನೆಟ್ಟಗಿದ್ದಾಗ ನಾಳೆ ಹೋದ್ರಾಯ್ತು ಅಂತ ಅನ್ಕಂಡೆ. ಅಷ್ಟ್ರಲ್ಲಿ ಏಣಿ ಜಾರ್ತು."

ಇನ್ನೊಂದು ಬೀಜ ಕೈಗೆತ್ತಿಕೊಂಡು ಹೇಳಿದರು. ಗಂಡ ಜ್ವರ ಬಂದು ಮಲಗಿದ್ದಾಗ ತಾವಾಗಿಯೇ ಒಂದು ಮಾತು ಆಡಿದ್ದರಂತೆ: ಕೊಳದ ಹತ್ತಿರ ಒಂದು ಕಲ್ಲಿದೆ, ನಾನು ದಿನಾ ಕೂರುತ್ತಿದ್ದುದು ಅದರ ಮೇಲೆ. ಎಂಥ ಕಲ್ಲು ಎಂದು ಅಕ್ಕ ಕೇಳುವಷ್ಟರಲ್ಲಿ ಮಂಪರಿಗೆ ಜಾರಿದ್ದರು. ಆಮೇಲೆ ಮೂರು ದಿನ ಇದ್ದರು, ಮಾತಿರಲಿಲ್ಲ.

ನನಗೆ ನಾಚಿಕೆಯಾಯಿತು. "ನೀವು ಕೇಳಿ ಅಕ್ಕ. ಸಾಹುಕಾರ್ರಿಗೆ ನಾನ್ ಹೇಳ್ತೀನಿ" ಎಂದೆ.

"ಬೇಡ ಮಾರಾಯ್ರೇ. ಕೇಳಿ ಕೇಳಿ ನಂಗೂ ಸಾಕಾಗಿದೆ." ಆಮೇಲೆ ನನ್ನ ಮುಖ ನೋಡಿದರು. "ನೀವು ಎಷ್ಟೋ ಸಲ ಹೋಗಿದೀರಲ್ಲ, ನೀವ್ ಹೇಳಿ."

ನಾನು ಬಾಯಿ ತೆರೆದೆ. ಬಾಗಿಲು, ಗೋಡೆ, ಬತ್ತದ ಕೊಳ ಎಲ್ಲ ನಾಲಿಗೆಯ ತುದಿಗೆ ಬಂದು ನಿಂತವು. ಅಕ್ಕ ಕಿಸಕ್ಕನೆ ನಕ್ಕರು. "ಬಿಡಿ, ಅದೆಲ್ಲ ನಾನ್ ಹೇಳಿದ್ದೇ ಅಲ್ವಾ!"

"ಈ ಮಳೆ ಮುಗೀಲಿ ಅಕ್ಕ, ನಾನೇ ಹೋಗಿ ಆ ಕಲ್ಲು ನೋಡಿ ಬರ್ತೀನಿ."

"ಹ್ಞೂಂ, ನೋಡ್ಕಂಡು ಬನ್ನಿ" ಎಂದರು.

ಮಳೆ ಮುಗಿಯುತ್ತಿತ್ತು. ಮುಗಿದ ಮೇಲೆ ಸೀಸನ್ನು, ಸೀಸನ್ನು ಕಳೆದ ಮೇಲೆ ಮತ್ತೆ ಮಳೆ. ಬಿಡುವಾದ ದಿನ ನನಗೆ ಮೈ ಏಳುತ್ತಿರಲಿಲ್ಲ. ಎರಡು ವರ್ಷ ಹೋಯಿತು. ಅಕ್ಕ ಒಮ್ಮೆಯೂ ನೆನಪಿಸಲಿಲ್ಲ. ಮೂರನೆಯ ಮಳೆಗಾಲದಲ್ಲಿ ಅವರಿಗೆ ಉಸಿರು ಹಿಡಿದುಕೊಳ್ಳತೊಡಗಿತು. ಚಿಕ್ಕಮಗಳೂರಿನಲ್ಲಿ ಕೆಲವು ದಿನ ಆಸ್ಪತ್ರೆಯಲ್ಲಿದ್ದರು. ಇನ್ನು ಮನೆಯಲ್ಲೇ ನೋಡಿಕೊಳ್ಳಿ ಎಂದು ಕಳಿಸಿದರು. ಲಾಡ್ಜಿನಿಂದ ಕೂಗಳತೆಯಲ್ಲಿ ಅವರ ತಂಗಿಯ ಮನೆ. ನಾನು ನೋಡಲು ಹೋದಾಗ ಗೋಡೆಗೆ ಒರಗಿ ಕೂತಿದ್ದರು. ಮಲಗಿದರೆ ಉಸಿರು ಸಿಗುತ್ತಿರಲಿಲ್ಲ. ಬಲಗಾಲು ಚಾಪೆಯ ಮೇಲೆ ಸುಮ್ಮನೆ ಬಿದ್ದಿತ್ತು.

ಮಳೆ ಕಡಿಮೆಯಾಗಿ ಫಾರೆಸ್ಟಿನವರು ಮತ್ತೆ ಬೆಟ್ಟ ಹತ್ತಲು ಬಿಟ್ಟ ಮೊದಲ ವಾರ, ಕೌಂಟರು ಬೇರೆಯವರಿಗೆ ಒಪ್ಪಿಸಿ ಬೆಳಿಗ್ಗೆಯೇ ಹೊರಟೆ. ಐವತ್ತು ದಾಟಿದ ಮೈ, ಹದಿನಾಲ್ಕು ವರ್ಷ ಕೂತ ಮೈ. ಕಾಡಿನ ಏರಿನಲ್ಲೇ ಮೂರು ಕಡೆ ಕೂತೆ. ಹುಲ್ಲುಗಾವಲು ಸಿಗುವ ಹೊತ್ತಿಗೆ ಮಂಜು ಇಳಿಯಿತು. ನೀಲಿ ಆಕಾಶ ಕೇಳಿದ ಗೆಸ್ಟನ್ನು ನೆನೆಸಿಕೊಂಡೆ. ನನಗೂ ಯಾರನ್ನಾದರೂ ಬೈಯಬೇಕೆನಿಸಿತು. ಬಾಗಿಲು ಕಂಡಿತು, ಗೋಡೆ ಎರಡು ಮಾರು ಕಂಡು ಮುಗಿಯಿತು. ಕೊಳಕ್ಕೆ ಇನ್ನೇನು ಕಾಲಿಡುವವನಿದ್ದೆ, ಆಗ ಅದು ಕಂಡಿತು. ಅದರ ಸುತ್ತ ಕಲ್ಲೋ ಕಲ್ಲು. ಒಂದೊಂದನ್ನೂ ಮುಟ್ಟಿ ನೋಡಿದೆ. ಯಾವುದರಲ್ಲೂ ಗುರುತಿರಲಿಲ್ಲ. ಕೊನೆಗೆ ಕಾಲು ಸೋತು ಒಂದರ ಮೇಲೆ ಕೂತುಬಿಟ್ಟೆ.

ಇಳಿದು ಬಂದವನು ಲಾಡ್ಜಿಗೂ ಹೋಗದೆ ನೇರ ತಂಗಿಯ ಮನೆಗೆ ಹೋದೆ. ಇನ್ನೂ ಬೆಳಕಿತ್ತು. ಪ್ಯಾಂಟಿನ ತುಂಬ ಕೆಸರು, ಕಣಕಾಲಿನಲ್ಲಿ ಜಿಗಣೆ ಕಚ್ಚಿದ ರಕ್ತ. ಅಕ್ಕ ನನ್ನನ್ನು ಮೇಲಿಂದ ಕೆಳಗಿನ ತನಕ ನೋಡಿದರು. ಮೂರು ವರ್ಷದಿಂದ ಯಾರನ್ನೂ ಕೇಳದ ಮಾತು ಕೇಳಿದರು.

"ಏನ್ ಕಂಡ್ರಿ?"

ದಾರಿಯುದ್ದಕ್ಕೂ ನಾನೊಂದು ಉತ್ತರ ಮಾಡಿಟ್ಟುಕೊಂಡಿದ್ದೆ. ಕೊಳದ ಮೂಡಣ ಬದಿಗೆ ಚಪ್ಪಟೆ ಕಲ್ಲು, ಕೂತು ಕೂತು ನಯವಾಗಿದೆ ಎಂದು. ಅವರ ಮುಂದೆ ನಿಂತಾಗ ಅದನ್ನು ಹೇಳುವಷ್ಟು ಉಸಿರು ನನ್ನಲ್ಲಿರಲಿಲ್ಲ.

"ಏನೂ ಕಾಣ್ಲಿಲ್ಲ ಅಕ್ಕ. ಪೂರಾ ಮಂಜು. ಕೊಳದ ಹತ್ರ ಕಲ್ಲು ತುಂಬಾ ಇದಾವೆ. ಅವ್ರದ್ದು ಯಾವ್ದು ಅಂತ ಗೊತ್ತಾಗ್ಲಿಲ್ಲ."

"ಕೂತಿದ್ರಾ?"

"ಒಂದ್ರ ಮೇಲೆ ಕೂತಿದ್ದೆ. ಸುಮಾರು ಹೊತ್ತು."

"ಹೆಂಗಿತ್ತು?"

"ತಣ್ಣಗಿತ್ತು. ಹಿಮದ ಹಾಗೆ. ಪ್ಯಾಂಟೆಲ್ಲ ಒದ್ದೆಯಾಯ್ತು." ಆಗ ನೆನಪಾಯಿತು. "ಎದ್ದು ಹೊರಡೋವಾಗ ಕೈ ಊರಿದೆ ಅಕ್ಕ. ನಾನು ಕೂತಿದ್ದಷ್ಟು ಜಾಗ ಬೆಚ್ಚಗಿತ್ತು."

ಅಕ್ಕ ಉಸಿರು ಎಳೆದುಕೊಂಡು ಒಳಗಿದ್ದ ತಂಗಿಯನ್ನು ಕೂಗಿದರು.

"ಮ್ಯಾನೇಜ್ರಿಗೆ ಬಿಸಿನೀರು ಕೊಡೇ. ಒಂಚೂರು ಉಪ್ಪು ಹಾಕು."

ಬಾಗಿಲ ಬಳಿ ಕೂತು ಬಕೆಟ್ಟಿನಲ್ಲಿ ಕಾಲಿಟ್ಟೆ. ಜಿಗಣೆ ಕಚ್ಚಿದ ಕಡೆಯೆಲ್ಲ ಚುರುಗುಟ್ಟಿತು. ಅಕ್ಕ ನೋಡುತ್ತಲೇ ಇದ್ದರು.

ಆ ವಾರ ಕಳೆಯುವುದರೊಳಗೆ ಅವರು ಹೋದರು. ಈಗ ಲಾಡ್ಜಿನ ಮೇಲೆ ಸೋಲಾರ್ ಕೂರಿಸಿದ್ದಾರೆ, ನಲ್ಲಿ ತಿರುಗಿಸಿದರೆ ಬಿಸಿನೀರು. ಹಂಡೆ ಮಗುಚಿ ಇಟ್ಟಿದೆ. ಗೆಸ್ಟುಗಳು ಇಳಿದು ಬಂದು ಕೀ ತೆಗೆದುಕೊಂಡು ರೂಮಿಗೆ ಹೋಗುತ್ತಾರೆ, ಯಾರೂ ಅವರನ್ನು ಏನೂ ಕೇಳುವುದಿಲ್ಲ. ನಾನೂ ಕೇಳುವುದಿಲ್ಲ. ನೀವು ಹೋಗಿದೀರಾ ಎಂದು ಅವರು ಕೇಳಿದರೆ ಮಾತ್ರ, "ಒಂದು ಸಲ" ಎನ್ನುತ್ತೇನೆ.