ಹಗಲು ಮುಚ್ಚಿದ ಪರದೆ

ಕೋರಾ ಬಟ್ಟೆಯ ಗಂಜಿ ವಾಸನೆ ಎಷ್ಟು ಒಗೆದರೂ ಪೂರ್ತಿ ಹೋಗುವುದಿಲ್ಲ. ಹೋದ ವಾರ ಅಡ್ಯಾರ್‌ನ ಮನೆಯೊಂದರಿಂದ ಕಳಚಿ ತಂದ ಹಳೆಯ ಪರದೆಗಳನ್ನು ಅಂಗಡಿಯಲ್ಲಿ ಮಡಿಸುವಾಗ ಆ ವಾಸನೆ ಮೂಗಿಗೆ ಬಂತು. ಅದರ ಹಿಂದೆಯೇ ಆ ಅಮ್ಮನ ನೆನಪೂ ಬಂತು...

ನಾನು ಈ ತಮಿಳು ಊರಿಗೆ ಬಂದ ಹೊಸತರಲ್ಲಿ ಬಟ್ಟೆ ಗಂಟು ಹೊತ್ತು ಮನೆ ಮನೆ ತಿರುಗಿದವನು. ಕೋಡಂಬಾಕ್ಕಂನಲ್ಲಿ ಪರದೆ ಅಂಗಡಿ ಹಾಕುವ ಹೊತ್ತಿಗೆ, ಗಿರಾಕಿಯ ಚಪ್ಪಲಿ ನೋಡಿಯೇ ಬೆಲೆ ಎಲ್ಲಿಯವರೆಗೆ ಜಗ್ಗುತ್ತಾರೆಂದು ಹೇಳುವಷ್ಟು ಪಳಗಿದ್ದೆ. ಆ ಅಮ್ಮನ ಮುಂದೆ ಮಾತ್ರ ಅದು ನಡೆಯಲಿಲ್ಲ. ಉಡುಪಿ ಕಡೆಯವರು, ಗಂಡನ ಜೊತೆ ಇಲ್ಲಿ ಅಡ್ಯಾರ್‌ನ ಮಗಳ ಮನೆಯಲ್ಲಿದ್ದರು. ನನ್ನ ತಮಿಳು ಕೇಳಿದ ಕೂಡಲೇ "ನಮ್ಮ ಭಾಷೆಯವನಾ ನೀನು?" ಅಂದರು. ಬಿಸಿಲಿಗೆ ಪರದೆ ಬೇಕು ಅಂದದ್ದಕ್ಕೆ, ಒಂದೆಳೆಯೂ ನುಗ್ಗದ ದಪ್ಪ ಕಪ್ಪು ಪರದೆ ತೋರಿಸಿದೆ.

"ಇದು ಬೇಡ ಮಾರಾಯಾ. ಬಿಳಿ ಕೋರಾ ಬಟ್ಟೆ ಉಂಟಾ? ಸೋಮವಾರದ ಒಳಗೆ ಹೊಲಿದು ಹಾಕಿ ಕೊಡ್ಬೇಕು."

"ಅಮ್ಮಾ, ಅದನ್ನ ದಿಂಬಿನ ಒಳಗವಸಿಗೆ ಒಯ್ತಾರೆ. ಮನೆಗೆ ಬಂದವರು ಏನಂದ್ಕೋತಾರೆ?"

"ಬಂದವರಿಗೆ ಕಾಫಿ ಕೊಡ್ತೇನೆ. ನೀನು ರೇಟು ಹೇಳು."

ಅಳತೆ ತೆಗೆಯಲು ಹೋದಾಗ ಸೋಮವಾರದ ಅವಸರ ಅರ್ಥವಾಯಿತು. ಅವರ ಯಜಮಾನರು ಕರಾವಳಿಯ ಸಣ್ಣ ದ್ವೀಪವೊಂದರಲ್ಲಿ, ಬ್ರಿಟಿಷರ ಕಾಲದ ದೀಪಸ್ತಂಭದಲ್ಲಿ ಕೆಲಸ ಮಾಡಿದವರು. ಮದುವೆಯಾಗಿ ಅಮ್ಮ ಸಂಸಾರ ಹೂಡಿದ್ದೂ ಆ ದ್ವೀಪದಲ್ಲೇ. ಮಳೆಗಾಲದಲ್ಲಿ ದೋಣಿ ಬರದಿದ್ದರೆ ಗಂಜಿ, ಉಪ್ಪಿನಕಾಯಿಯಲ್ಲೇ ದಿನ ತಳ್ಳಬೇಕಿತ್ತಂತೆ. ಅಲ್ಲಿನ ದೀಪದ ಸುತ್ತ ಆಳೆತ್ತರದ ಗಾಜಿನ ಮಸೂರ. ರಾತ್ರಿ ಒಳಗಿನ ಬೆಳಕನ್ನು ಕಡಲಿಗೆ ಕಳಿಸುವ ಆ ಗಾಜು, ಹಗಲಲ್ಲಿ ಬಿಸಿಲನ್ನು ಒಂದೇ ಕಡೆ ಸೇರಿಸಿ ಬೆಂಕಿ ಹಚ್ಚಿಬಿಡಬಲ್ಲದು. ಅದಕ್ಕೇ ಬೆಳಗಾದೊಡನೆ ಸುತ್ತಲೂ ಬಿಳಿ ಪರದೆ ಎಳೆಯಬೇಕು, ಸಂಜೆ ಸರಿಸಬೇಕು. ಆ ಪರದೆಗಳನ್ನು ಹೊಲಿಯುತ್ತಿದ್ದವರು ಅಮ್ಮ.

ಈಗ ಯಜಮಾನರಿಗೆ ಮರೆವಿನ ಕಾಯಿಲೆ. ಮಗಳ ಹೆಸರು ನೆನಪಿಲ್ಲ, ಉಂಡದ್ದು ನೆನಪಿಲ್ಲ; ಆ ಗಾಜು ಮಾತ್ರ ಮರೆತಿರಲಿಲ್ಲ. ಮನೆಯಲ್ಲಿದ್ದ ಹೂವಿನ ಪರದೆಗಳು ಅವರ ಕಣ್ಣಿಗೆ ಪರದೆಯೇ ಅಲ್ಲ. ಕಿಟಕಿಗೆ ಬಿಸಿಲು ಬಿದ್ದರೆ "ಗಾಜು! ಗಾಜು!" ಎಂದು ಕೂಗಿ ಎರಡೂ ಕೈಯಿಂದ ಮುಚ್ಚಲು ಓಡುತ್ತಿದ್ದರು. ತಡೆಯಲು ಹೋದ ಮಗಳನ್ನು ನೂಕಿದ್ದರಿಂದ ಅವಳ ಮೊಣಕೈ ಊದಿಕೊಂಡಿತ್ತು.

"ಪೋರೂರ್‌ನಲ್ಲಿ ವಯಸ್ಸಾದವರ ಹೋಮ್ ಒಂದಿದೆ ಅಣ್ಣಾ, ಸೋಮವಾರ ಸೇರಿಸ್ತೀವಿ. ಪಾವಂ, ಪಾಪ ಅಪ್ಪ, ನನಗೂ ಬೇಜಾರೇ. ಒಂದು ತುಂಡು ಬಟ್ಟೆಯಿಂದ ಎಲ್ಲಾ ಸರಿಹೋಗುತ್ತೆ ಅಂತಾರೆ ಅಮ್ಮ. ನೀವೇ ಹೇಳಿ!" ಅಂದಳು ಮಗಳು.

ಅಮ್ಮ ಮಗಳ ಕಡೆ ತಿರುಗಲಿಲ್ಲ. "ನೀನು ಅಳತೆ ತೆಗಿ" ಅಂದರು ನನಗೆ.

ಕೋರಾ ಬಟ್ಟೆ ಕೊಳ್ಳುವವರು ನನ್ನದೊಂದು ಮಾತು ಕೇಳಿ: ಮೊದಲು ನೆನೆಸಿ ಒಣಗಿಸಿ, ಆಮೇಲೆ ಹೊಲಿಸಿ. ಇಲ್ಲದಿದ್ದರೆ ಮೊದಲ ಒಗೆತಕ್ಕೇ ಕುಗ್ಗಿ ಕಿಟಕಿಯ ಬುಡ ಕಾಣುತ್ತದೆ. ಹಾಗೆ ಮಾಡಿಸುವಷ್ಟರಲ್ಲಿ ಭಾನುವಾರ ಬೆಳಿಗ್ಗೆಯಾಯಿತು. ಅವರ ಮನೆಯ ಕಿಟಕಿಗೆ ಹಗ್ಗ ಕಟ್ಟಿ ಪರದೆ ಇಳಿಬಿಟ್ಟು ನಾನು ಪಕ್ಕಕ್ಕೆ ಸರಿದೆ. ಯಜಮಾನರು ಬಂದು ಬಟ್ಟೆ ಮುಟ್ಟಿದರು, ಮೂಸಿದರು. ಈ ತುದಿಯಿಂದ ಆ ತುದಿಗೆ ನಿಧಾನವಾಗಿ ಎಳೆದರು. ಕುರ್ಚಿಯಲ್ಲಿ ಕೂತು ಹೆಂಡತಿಯನ್ನು ಕೇಳಿದರು: "ದೋಣಿ ಬಂತಾ?"

"ನಾಳೆ ಬರ್ತದೆ" ಅಂದರು ಅಮ್ಮ. ಮಗಳು ಅಡುಗೆಮನೆಗೆ ಹೋಗಿ ನಲ್ಲಿ ಬಿಟ್ಟಳು. ನೀರಿನ ಸದ್ದು ತುಂಬಾ ಹೊತ್ತು ಕೇಳಿಸುತ್ತಿತ್ತು... ಸೋಮವಾರ ಯಾರೂ ಪೋರೂರಿಗೆ ಹೋಗಲಿಲ್ಲ.

ಆಮೇಲೆ ವರ್ಷದ ಮೇಲೂ ಹಾಗೇ ನಡೆಯಿತು. ಆ ಕಡೆ ಹೋದಾಗ ಇಣುಕುತ್ತಿದ್ದೆ. ಹಗಲಿಡೀ ಮಬ್ಬು ಮನೆ. ಅಮ್ಮ ಅದರಲ್ಲೇ ಅಕ್ಕಿ ಆರಿಸುತ್ತಿದ್ದರು. ಲೈಟು ಹಾಕಿಕೊಳ್ಳಿ ಅಂದರೆ, "ಹಗಲಲ್ಲಿ ದೀಪ ಹಚ್ಚಿದ್ರೆ ಇವರು ಬೈತಾರೆ ಮಾರಾಯಾ" ಎಂದು ನಗುತ್ತಿದ್ದರು.

ಯಜಮಾನರು ತೀರಿಕೊಂಡದ್ದು ಒಂದು ಮಧ್ಯಾಹ್ನ. ನಾನು ಹೋಗುವಷ್ಟರಲ್ಲಿ ಮನೆ ತುಂಬ ಜನ, ಸೆಕೆ. ಗಾಳಿ ಬರಲೆಂದು ಯಾರೋ ಪರದೆಗೆ ಕೈ ಹಾಕಿದರು. ಅಷ್ಟು ಹೊತ್ತು ಅಳದೆ ಕೂತಿದ್ದ ಅಮ್ಮ ಎದ್ದು ನಿಂತರು.

"ಇನ್ನೂ ಸಂಜೆ ಆಗ್ಲಿಲ್ಲ."

ಪರದೆ ಮುಚ್ಚಿದ್ದಂತೆಯೇ ಯಜಮಾನರನ್ನು ಹೊರಗೆ ಒಯ್ದೆವು. ಗಂಡಸರೆಲ್ಲ ಮಸಣಕ್ಕೆ ಹೋದ ಮೇಲೆ, ಹೊತ್ತು ಮುಳುಗಿದಾಗ ಅಮ್ಮ ತಾವೇ ಪರದೆ ಸರಿಸಿ ದೀಪ ಹಾಕಿದರಂತೆ... ಮಗಳು ಹೇಳಿದಳು.

ಈ ವರ್ಷ ಅಮ್ಮನೂ ಹೋದರು. ಕೊನೆಯವರೆಗೂ ಹಗಲು ಪರದೆ ಎಳೆದು, ಸಂಜೆ ಸರಿಸಿ ದೀಪ ಹಾಕುತ್ತಿದ್ದರಂತೆ. ಮಗಳು ಬೇರೆ ಕಡೆ ಹೋಗಿ ಮನೆ ಬಾಡಿಗೆಗೆ ಕೊಟ್ಟಳು. ಬಾಡಿಗೆಗೆ ಬರುವವರು ನನಗೇ ಫೋನ್ ಮಾಡಿ, ಆ ಹಳೇ ಬಟ್ಟೆ ಕಿತ್ತು ಬ್ಲೈಂಡ್ಸ್ ಹಾಕಿಕೊಡಿ, ಮಧ್ಯಾಹ್ನವೇ ಬನ್ನಿ ಅಂದರು. ಬಂದ ವ್ಯಾಪಾರ ಬಿಡುವವನಲ್ಲ ನಾನು, ಒಪ್ಪಿಕೊಂಡೆ. ಆದರೆ ಹಗಲು ನಮ್ಮ ಆಳುಗಳು ಸಿಗುವುದಿಲ್ಲ, ಕತ್ತಲಾದ ಮೇಲೆಯೇ ಬರುತ್ತೇವೆ ಅಂದೆ. ಆಳುಗಳು ನನ್ನೆದುರೇ ಕೂತು ಟೀ ಕುಡಿಯುತ್ತಿದ್ದರು.

ಹೊತ್ತು ಮುಳುಗಿದ ಮೇಲೆ ನಾನೇ ಸ್ಟೂಲು ಹತ್ತಿ, ಆಳು ಹಿಡಿದ ಮೊಬೈಲ್ ಬೆಳಕಿನಲ್ಲಿ ಒಂದೊಂದಾಗಿ ಕಳಚಿದೆ. ಖಾಲಿ ಮನೆಗೆ ಇನ್ನೂ ಬಲ್ಬು ಹಾಕಿರಲಿಲ್ಲ. ಬ್ಲೈಂಡ್ಸ್ ಹಾಕುವುದು ಮರುದಿನಕ್ಕೆ; ಕಳಚುವ ಕೆಲಸ ಮುಗಿದು ಆಳು ಮೊಬೈಲ್ ಆರಿಸಿದ. ಕೆಳಗೆ ರಸ್ತೆಯಲ್ಲಿ ಬಸ್ಸು, ಆಟೊ ಹೋಗುತ್ತಲೇ ಇದ್ದವು. ಪರದೆ ಸರಿದ ಕಿಟಕಿಯಲ್ಲಿ ದೀಪ ಇರಲಿಲ್ಲ.